‘ಐ ಇನ್ ದ ಸ್ಕೈ’ ಚಿತ್ರದ ಆ 45%: ಡ್ರೋನ್ ದಾಳಿಗೆ ಮುನ್ನ ಲೆಕ್ಕ ನಿಜಕ್ಕೂ ಹೀಗೇ ನಡೆಯುತ್ತದೆಯೇ?

ಬೆಳ್ಳಿಪರದೆ:
ಗ್ಯಾವಿನ್ ಹುಡ್ ನಿರ್ದೇಶನದ ಈ ಚಿತ್ರವನ್ನು (2015) ಕಾನೂನು ವಿದ್ಯಾರ್ಥಿಗಳಿಗೆ ತೋರಿಸಿ ಚರ್ಚೆ ನಡೆಸಬೇಕಿದೆ. ನೈರೋಬಿಯ ಮನೆಯೊಳಗೆ ಆತ್ಮಾಹುತಿ ದಾಳಿಗೆ ತಯಾರಿ ನಡೆದಿರುತ್ತದೆ, ಹೊರಗೆ ಗೋಡೆ ಪಕ್ಕ ಆಲಿಯಾ ಎಂಬ ಪುಟ್ಟ ಹುಡುಗಿ ರೊಟ್ಟಿ ಮಾರಲು ಕೂರುತ್ತಾಳೆ. ಅವಳು ಸಾಯುವ ಸಾಧ್ಯತೆ ಹೆಚ್ಚೆಂದು ಗೊತ್ತಾದಾಗ ಕರ್ನಲ್ ಪೊವೆಲ್ (ಹೆಲೆನ್ ಮಿರೆನ್) ಕ್ಷಿಪಣಿ ಬೀಳುವ ಜಾಗವನ್ನೇ ಸರಿಸಿ, 45% ಎಂಬ ಅಂಕಿ ಹೊರಡಿಸುತ್ತಾರೆ. ಚಿತ್ರದಲ್ಲಿ ದಾಳಿಗೆ ಅಡ್ಡಬರುವ 50% ಎಂಬ ಗೆರೆ ಕಾನೂನಿನಲ್ಲಿದೆಯೇ? ಗುಂಡಿ ಒತ್ತಬೇಕಾದ ಪೈಲಟ್ ‘ಮತ್ತೆ ಲೆಕ್ಕ ಹಾಕಿ’ ಎಂದು ತಡೆಯಬಹುದೇ? ಚರ್ಚೆಗೆ ಚಿತ್ರವನ್ನು ಎಲ್ಲಿ ನಿಲ್ಲಿಸುವುದು ಒಳ್ಳೆಯದು?

ವಿಧಿ_51:
ಅಂಥ ಗೆರೆ ಕಾನೂನಿನಲ್ಲಿ ಇಲ್ಲ. ಜಿನೀವಾ ಒಪ್ಪಂದಗಳ 1977ರ ಮೊದಲ ಹೆಚ್ಚುವರಿ ಪ್ರೋಟೊಕಾಲ್‌ನ ವಿಧಿ 51(5)(ಬಿ) ಹೇಳುವುದು ಇಷ್ಟೇ: ದಾಳಿಯಿಂದ ಸಿಗಬಹುದಾದ ನೇರ, ನಿರ್ದಿಷ್ಟ ಸೈನಿಕ ಲಾಭಕ್ಕೆ ಹೋಲಿಸಿದರೆ ನಾಗರಿಕರ ಸಾವುನೋವು ಮಿತಿಮೀರಬಾರದು. ಮಿತಿ ಎಷ್ಟೆಂಬುದನ್ನು ಕಮಾಂಡರ್‌ನ ವಿವೇಚನೆಗೆ ಬಿಟ್ಟಿದೆ.

ಸಿನಿಮಾದ ಲೆಕ್ಕಕ್ಕೆ ಮೂಲ ಅಮೆರಿಕದ ಸೇನೆ ಬಳಸುವ ‘ಕೊಲಾಟರಲ್ ಡ್ಯಾಮೇಜ್ ಎಸ್ಟಿಮೇಟ್’, ಅಂದರೆ ಗುರಿಯ ಸುತ್ತಲಿನವರಿಗೆ ಆಗಬಹುದಾದ ಹಾನಿಯ ಅಂದಾಜು. 2009ರ ಕೈಪಿಡಿಯಲ್ಲಿ ಐದು ಹಂತಗಳಿವೆ, ಅವುಗಳ ಹಿಂದೆ ಐದು ಪ್ರಶ್ನೆ. ಗುರಿಯನ್ನು ಖಚಿತವಾಗಿ ಗುರುತಿಸಿದ್ದೇವೆಯೇ? ಹಾನಿಯ ವ್ಯಾಪ್ತಿಯೊಳಗೆ ನಾಗರಿಕರು, ಮನೆ, ಆಸ್ಪತ್ರೆ ಇವೆಯೇ? ಬೇರೆ ಅಸ್ತ್ರದಿಂದಲೋ ಬೇರೆ ವಿಧಾನದಿಂದಲೋ ಹಾನಿ ತಗ್ಗಿಸಬಹುದೇ? ಆಗದಿದ್ದರೆ ಎಷ್ಟು ಜನ ಸಾಯಬಹುದು, ಗಾಯಗೊಳ್ಳಬಹುದು? ಮೇಲಧಿಕಾರಿಯ ಒಪ್ಪಿಗೆ ಬೇಕೇ? ಪೊವೆಲ್ ಬೀಳುವ ಜಾಗ ಸರಿಸುವುದು ಮೂರನೇ ಪ್ರಶ್ನೆಯ ಕೆಲಸ, ಅಷ್ಟರಮಟ್ಟಿಗೆ ಅದು ಸರಿಯಾದ ಕ್ರಮವೇ. ಬೇಕಾದ ಅಂಕಿಯನ್ನು ಮೊದಲೇ ನಿಶ್ಚಯಿಸಿಕೊಂಡು ಕೆಳಗಿನವನಿಂದ ಅದನ್ನೇ ಹೇಳಿಸುವುದು ತಪ್ಪು.

ವಿದ್ಯಾರ್ಥಿಗಳು ಗಮನಿಸಲೇಬೇಕಾದ ಸಂಗತಿ ಒಂದಿದೆ. ಈ ವಿಧಾನ ಒಬ್ಬ ವ್ಯಕ್ತಿ ಸಾಯುವ ಶೇಕಡಾವಾರು ಕೊಡುವುದಿಲ್ಲ. ಬೀದಿಯಲ್ಲಿ ಬಂದುಹೋಗುವ ಜನ ಅದರ ಲೆಕ್ಕಕ್ಕೆ ಸಿಗುವುದಿಲ್ಲ, ಪರದೆ ನೋಡುತ್ತಿರುವವರೇ ಕಣ್ಣಿಟ್ಟಿರಬೇಕು. ಗುರಿಯ ಜಾಗದಲ್ಲಿರುವ ಮದ್ದುಗುಂಡು ಸಿಡಿದರೆ ಆಗುವ ಎರಡನೇ ಸ್ಫೋಟವನ್ನು ಊಹಿಸಲಾಗದೆಂದು ಕೈಪಿಡಿಯೇ ಒಪ್ಪಿಕೊಳ್ಳುತ್ತದೆ. ಚಿತ್ರದ ಮನೆಯಲ್ಲಿರುವುದು ಸ್ಫೋಟಕ ತುಂಬಿದ ಅಂಗಿಗಳು! ಅಂದರೆ ವಿಧಾನ ಕೈಚೆಲ್ಲುವ ಜಾಗದಲ್ಲೇ ಚಿತ್ರ ಅಂಕಿಯನ್ನು ಇಟ್ಟಿದೆ.

ಕ್ರೀಚ್_ಕೊಠಡಿ:
ಪೈಲಟ್ ತಡೆಯಬಹುದು. ಅದೇ ಪ್ರೋಟೊಕಾಲ್‌ನ ವಿಧಿ 57(2)(ಬಿ) ಪ್ರಕಾರ, ಹಾನಿ ಮಿತಿಮೀರಲಿದೆ ಎಂದು ಕಂಡರೆ ದಾಳಿಯನ್ನು ರದ್ದು ಮಾಡಬೇಕು, ಇಲ್ಲವೇ ತಡೆಹಿಡಿಯಬೇಕು. ನೆವಾಡಾದಲ್ಲಿ ಕೂತ ಸ್ಟೀವ್ ವಾಟ್ಸ್ (ಆ್ಯರನ್ ಪಾಲ್) ಮಾಡುವುದು ಅದನ್ನೇ.

ಚಿತ್ರ ಹೆಚ್ಚು ಬಳಸಿಕೊಳ್ಳದ ಅವಕಾಶ ಇನ್ನೊಂದಿದೆ. ರೀಪರ್ ಡ್ರೋನ್‌ನಿಂದ ಹೊರಡುವ ಹೆಲ್‌ಫೈರ್ ಕ್ಷಿಪಣಿ ಸುಮಾರು 50 ಕಿಲೋ ತೂಗುತ್ತದೆ, ಸಿಡಿತಲೆ 9 ಕಿಲೋ ಆಸುಪಾಸು. ಲೇಸರ್ ಚುಕ್ಕೆ ಎಲ್ಲಿದೆಯೋ ಅಲ್ಲಿಗೆ ಅದು ಹೋಗುತ್ತದೆ. ಹಾರಿಸಿದ ಮೇಲೆ ಮಗು ಅಡ್ಡ ಬಂದರೆ ಚುಕ್ಕೆಯನ್ನು ಖಾಲಿ ಜಾಗಕ್ಕೆ ಸರಿಸಿ ಕ್ಷಿಪಣಿಯನ್ನು ಅತ್ತ ತಿರುಗಿಸಬಹುದು. ಆದರೆ ಕೊನೆಯ ಕೆಲ ಸೆಕೆಂಡುಗಳಲ್ಲಿ ಕ್ಷಿಪಣಿಗೆ ಅಷ್ಟು ತಿರುಗಲು ಆಗದು, ಜೊತೆಗೆ ಉಪಗ್ರಹದ ಮೂಲಕ ಬರುವ ಚಿತ್ರ ಒಂದೆರಡು ಸೆಕೆಂಡ್ ಹಳೆಯದು. ಕಿಕ್ಕಿರಿದ ಬಡಾವಣೆಯಲ್ಲಿ ಖಾಲಿ ಜಾಗವಾದರೂ ಎಲ್ಲಿದೆ?

ವಿಧಿ_41:
ನನ್ನ ಮಟ್ಟಿಗೆ ಚಿತ್ರದ ಅತಿ ಕಠಿಣ ಪ್ರಶ್ನೆ ಆಲಿಯಾಳದ್ದಲ್ಲ, ಎರಡನೇ ಕ್ಷಿಪಣಿಯದು. ಮೊದಲನೆಯದು ಬಿದ್ದ ಮೇಲೆ ಅವಶೇಷಗಳ ನಡುವೆ, ದಾಳಿಯ ಗುರಿಗಳಲ್ಲಿ ಒಬ್ಬಳಾದ ಸೂಸನ್ ಡ್ಯಾನ್‌ಫೋರ್ಡ್ ತೆವಳುವುದು ಕಾಣುತ್ತದೆ, ಮತ್ತೆ ಹೊಡೆಯಲು ಆದೇಶ ಬರುತ್ತದೆ. ಗಾಯದಿಂದ ಅಸಹಾಯಕರಾಗಿ, ಹೋರಾಟ ಬಿಟ್ಟವರ ಮೇಲೆ ದಾಳಿ ಮಾಡುವುದನ್ನು ಅದೇ ಪ್ರೋಟೊಕಾಲ್‌ನ ವಿಧಿ 41 ನಿಷೇಧಿಸುತ್ತದೆ. ಅವಳು ಅಂಥ ಸ್ಥಿತಿಯಲ್ಲಿದ್ದಳೇ ಎಂದು ಚಿತ್ರದಲ್ಲಿ ಯಾರೂ ಕೇಳುವುದೇ ಇಲ್ಲ. ಬೆಳ್ಳಿಪರದೆ ಅವರೇ, ನಿಲ್ಲಿಸುವುದಾದರೆ ಆ ಆದೇಶ ಬಂದ ಕ್ಷಣದಲ್ಲಿ ನಿಲ್ಲಿಸಿ.

ಇನ್ನೊಂದು ತಕರಾರು. ಜೀರುಂಡೆಯಂಥ ಪುಟ್ಟ ಕ್ಯಾಮೆರಾ ಮನೆಯೊಳಗೆ ಹೋಗಿ ಎಲ್ಲವನ್ನೂ ತೋರಿಸುವುದರಿಂದ ‘ಇವರು ಯಾರು’ ಎಂಬ ಮೊದಲ ಪ್ರಶ್ನೆಯನ್ನೇ ಚಿತ್ರ ಬಗೆಹರಿಸಿಬಿಡುತ್ತದೆ. ವಾಸ್ತವದಲ್ಲಿ ಅನಾಹುತ ಆಗುವುದು ಅಲ್ಲೇ. 2021ರ ಆಗಸ್ಟ್ 29ರಂದು ಕಾಬೂಲ್‌ನಲ್ಲಿ ನೆರವು ಸಂಸ್ಥೆಯೊಂದರ ನೌಕರನ ಕಾರಿನ ಮೇಲೆ ಅಮೆರಿಕದ ಡ್ರೋನ್ ಹೆಲ್‌ಫೈರ್ ಹಾರಿಸಿತು. ಸತ್ತವರು 10 ನಾಗರಿಕರು, ಅವರಲ್ಲಿ 7 ಮಕ್ಕಳು. ಕಾರಿಗೆ ತುಂಬಿದ್ದ ನೀರಿನ ಕ್ಯಾನುಗಳು ಸ್ಫೋಟಕದಂತೆ ಕಂಡಿದ್ದವು. ದಾಳಿಯ ನಂತರದ ಎರಡನೇ ಸ್ಫೋಟವನ್ನು ಸೇನೆ ಮೊದಲು ಪುರಾವೆಯಾಗಿ ತೋರಿಸಿತು. ಅದು ಬಹುಶಃ ಗ್ಯಾಸ್ ಟ್ಯಾಂಕ್‌ನದು ಎಂದು ಸೆಪ್ಟೆಂಬರ್ 17ರಂದು ತಪ್ಪೊಪ್ಪಿಕೊಳ್ಳುವಾಗ ಹೇಳಿತು.

ಹಾಗಾಗಿ ಈ ಚಿತ್ರದ ಜೊತೆಗೆ ಸೋನಿಯಾ ಕೆನ್ನೆಬೆಕ್ ಅವರ ಸಾಕ್ಷ್ಯಚಿತ್ರ ‘ನ್ಯಾಷನಲ್ ಬರ್ಡ್’ (2016) ಕೂಡ ತೋರಿಸಿ. ಅಫ್ಘಾನಿಸ್ತಾನದ ಉರುಜ್ಗಾನ್‌ನಲ್ಲಿ 2010ರ ಫೆಬ್ರುವರಿಯಲ್ಲಿ ನಡೆದ ದಾಳಿಯಲ್ಲಿ ಬದುಕುಳಿದವರು ಅದರಲ್ಲಿ ಮಾತಾಡಿದ್ದಾರೆ. ಡ್ರೋನ್ ಸಿಬ್ಬಂದಿಯ ಸಂಭಾಷಣೆಯ ಮರುರೂಪವೂ ಇದೆ. ಮೊದಲು ಅದನ್ನು ಹಾಕಿ, ಆಮೇಲೆ ‘ಐ ಇನ್ ದ ಸ್ಕೈ’. ಹಿಂದುಮುಂದಾದರೆ ಚರ್ಚೆ ಆಲಿಯಾಳ ಸುತ್ತಲೇ ಉಳಿದುಬಿಡುತ್ತದೆ.