ನೀಟ್, ಸಿಇಟಿ ತರಬೇತಿ: ಮಗಳ ಕಲಿಕೆಯ ರೀತಿಗೆ ಒಪ್ಪುವುದು ಯಾವುದು?

ಪ್ರಶ್ನೆ (ವಿದ್ಯಾರ್ಥಿನಿಯ ತಾಯಿ, ಹಾವೇರಿ):
ಹತ್ತನೇ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ ನನ್ನ ಮಗಳು ಈಗ ಪ್ರಥಮ ಪಿಯುಸಿ ವಿಜ್ಞಾನದಲ್ಲಿದ್ದಾಳೆ. ಕೈಯಲ್ಲಿ ಬರೆದುಕೊಂಡು, ತಿಳಿಯದ್ದನ್ನು ಆಗಲೇ ಕೇಳಿದರೆ ಮಾತ್ರ ಪಾಠ ಅವಳ ತಲೆಗೆ ಹತ್ತುತ್ತದೆ. ಆದರೆ ಒಂದು ತರಬೇತಿ ಕೇಂದ್ರದವರು ಪ್ರಶ್ನಾವಳಿಯೊಂದನ್ನು ತುಂಬಿಸಿ, ಇವಳು ನೋಡಿ ಕಲಿಯುವವಳು, ವಿಡಿಯೊ ಪಾಠವೇ ಸರಿ ಎಂದು ಹೇಳಿದ್ದಾರೆ. ಧಾರವಾಡದಲ್ಲಿ ಹಾಸ್ಟೆಲಿನಲ್ಲಿಟ್ಟು ನೇರ ತರಗತಿಗೆ ಸೇರಿಸುವುದೇ, ಮನೆಯಲ್ಲೇ ವಿಡಿಯೊ ಪಾಠ ಕೊಡಿಸುವುದೇ ಎಂದು ತೀರ್ಮಾನಿಸಲಾಗುತ್ತಿಲ್ಲ.

ಉತ್ತರ 1 (ಭೌತಶಾಸ್ತ್ರ ಉಪನ್ಯಾಸಕ):
ಮೇಡಂ, ಆ ಪ್ರಶ್ನಾವಳಿಯನ್ನು ನಂಬಿ ಹಣ ಕಟ್ಟಬೇಡಿ. ನೋಡಿ ಕಲಿಯುವವರು, ಕೇಳಿ ಕಲಿಯುವವರು ಎಂದು ಮಕ್ಕಳನ್ನು ವಿಂಗಡಿಸಿ ಅದಕ್ಕೆ ತಕ್ಕಂತೆ ಪಾಠ ಮಾಡಿದರೆ ಕಲಿಕೆ ಹೆಚ್ಚುತ್ತದೆ ಎಂಬುದಕ್ಕೆ ಸಾಕಷ್ಟು ಆಧಾರವಿಲ್ಲವೆಂದು ಪ್ಯಾಶ್ಲರ್ ಮತ್ತು ಸಂಗಡಿಗ ಮನಶ್ಶಾಸ್ತ್ರಜ್ಞರು 2008ರಲ್ಲೇ ತೋರಿಸಿದ್ದಾರೆ. ಓದಿದ್ದನ್ನೇ ಮತ್ತೆ ಓದುವುದಕ್ಕಿಂತ, ಪುಸ್ತಕ ಮುಚ್ಚಿ ನೆನಪಿನಿಂದ ಬರೆದು ತಮ್ಮನ್ನು ತಾವೇ ಪರೀಕ್ಷಿಸಿಕೊಂಡರೆ ವಿಷಯ ಹೆಚ್ಚು ಕಾಲ ಉಳಿಯುತ್ತದೆ ಎಂಬುದನ್ನು ರೋಡಿಗರ್ ಮತ್ತು ಕಾರ್ಪಿಕ್ ಅವರ 2006ರ ಪ್ರಯೋಗಗಳು ತೋರಿಸಿವೆ. ಆದ್ದರಿಂದ ಪಾಠ ಹೇಗಿರುತ್ತದೆ ಎಂಬುದಕ್ಕಿಂತ, ವಾರದ ಪರೀಕ್ಷೆಯ ನಂತರ ತಪ್ಪಾದ ಪ್ರಶ್ನೆಗಳನ್ನು ಯಾರು, ಎಷ್ಟು ಹೊತ್ತು ಕುಳಿತು ಬಿಡಿಸಿ ಹೇಳುತ್ತಾರೆ ಎಂದು ಕೇಳಿ. ತಾವು ಹೇಳಿದ ಆ "ಆಗಲೇ ಕೇಳುವ" ಅಭ್ಯಾಸವನ್ನು ಮಾತ್ರ ಲಘುವಾಗಿ ಕಾಣಬಾರದು. ಸಂದೇಹಕ್ಕೆ ಮರುದಿನವಾದರೂ ಉತ್ತರ ಸಿಗದ ವಿಡಿಯೊ ಕೋರ್ಸ್ ಅವಳಿಗೆ ಬೇಡ.

ಅಣಕು ಪರೀಕ್ಷೆಗಳೂ ಎರಡು ಬಗೆಯವಿರಬೇಕು. ಸಿಇಟಿಯಲ್ಲಿ ಪ್ರತಿ ವಿಷಯಕ್ಕೆ 80 ನಿಮಿಷದಲ್ಲಿ 60 ಪ್ರಶ್ನೆ, ತಪ್ಪಿಗೆ ಅಂಕ ಕಡಿತವಿಲ್ಲ. ನೀಟ್‌ನಲ್ಲಿ ಸರಿಯುತ್ತರಕ್ಕೆ 4 ಅಂಕ, ತಪ್ಪಿಗೆ 1 ಅಂಕ ಕಡಿತ. ಒಂದರಲ್ಲಿ ಎಲ್ಲವನ್ನೂ ಗುರುತಿಸಿ ಬರಬೇಕು, ಇನ್ನೊಂದರಲ್ಲಿ ಬಿಡಬೇಕಾದದ್ದನ್ನು ಬಿಡುವ ಧೈರ್ಯ ಬೇಕು. ಎರಡಕ್ಕೂ ಒಂದೇ ಪತ್ರಿಕೆ ಕೊಡುವ ಕೇಂದ್ರದಲ್ಲಿ ಈ ವಿವೇಚನೆ ಬೆಳೆಯುವುದಿಲ್ಲ.

ಉತ್ತರ 2 (ವೈದ್ಯಕೀಯ ವಿದ್ಯಾರ್ಥಿನಿ):
ನಾನೂ ಕನ್ನಡ ಮಾಧ್ಯಮದಿಂದಲೇ ಬಂದವಳು. ನೀಟ್ ಪ್ರಶ್ನೆಪತ್ರಿಕೆ ಕನ್ನಡದಲ್ಲೂ ದೊರೆಯುತ್ತದೆ, ಆದರೆ ಅನುವಾದದಲ್ಲಿ ಸಂದಿಗ್ಧವಿದ್ದರೆ ಇಂಗ್ಲಿಷ್ ಪ್ರಶ್ನೆಯೇ ಅಂತಿಮ. ಪಿಯುಸಿ ವಿಜ್ಞಾನ ಇಂಗ್ಲಿಷಿನಲ್ಲಿಯೇ ನಡೆಯುತ್ತಿದ್ದರೆ, ಪರಿಕಲ್ಪನೆಯನ್ನು ಕನ್ನಡದಲ್ಲಿ ವಿವರಿಸಿ ಪ್ರಶ್ನೆಗಳನ್ನು ಇಂಗ್ಲಿಷಿನಲ್ಲಿ ಬಿಡಿಸುವ ಅಧ್ಯಾಪಕರನ್ನು ಹುಡುಕಿ, ಅಕ್ಕ. ಮೊದಲ ಕೆಲವು ತಿಂಗಳು ಅದೇ ನನ್ನನ್ನು ಕಾಪಾಡಿತು.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದಗಳು. ಶುಲ್ಕ ಕಟ್ಟುವ ಮುನ್ನ ಎರಡೂ ಕಡೆ ಒಂದು ವಾರ ಪ್ರಾಯೋಗಿಕ ತರಗತಿಗೆ ಕಳುಹಿಸಿ, ತಪ್ಪುಗಳ ಚರ್ಚೆ ಹೇಗೆ ನಡೆಯುತ್ತದೆ ಎಂಬುದನ್ನು ಅವಳಿಂದಲೇ ತಿಳಿದುಕೊಳ್ಳುತ್ತೇನೆ.