ಪಿಲಾಟೆಸ್ ಹೇಳಿಕೊಡುವವರ ಪ್ರಶ್ನೆಗಳು, ಫಿಸಿಯೋಥೆರಪಿಸ್ಟ್ ಉತ್ತರಗಳು

ಎಲ್ಲರಿಗೂ ನಮಸ್ಕಾರ. ನಾನು ಮಡಿಕೇರಿಯಲ್ಲಿ ಫಿಸಿಯೋಥೆರಪಿಸ್ಟ್. ಈ ಗುಂಪಿನಲ್ಲಿ ಪಿಲಾಟೆಸ್ (ಉಸಿರಿನ ಜೊತೆ ನಿಯಂತ್ರಣದಿಂದ ಮಾಡುವ ವ್ಯಾಯಾಮ ಪದ್ಧತಿ) ಟ್ರೈನಿಂಗ್ ಮುಗಿಸಿ ಬಂದು ಗೋಣಿಕೊಪ್ಪ, ವಿರಾಜಪೇಟೆ, ಕುಶಾಲನಗರದ ಕಡೆ ಕ್ಲಾಸ್ ಶುರು ಮಾಡಿರುವವರು ಕೆಲವರಿದ್ದೀರಿ. ಸ್ನಾಯುಗಳ ಬಗ್ಗೆ, ಯಾರಿಗೆ ಏನು ಮಾಡಿಸಬಾರದು ಅನ್ನುವುದರ ಬಗ್ಗೆ ಕೇಳಿ ಅಂದಿದ್ದೆ. ಬಂದ ಪ್ರಶ್ನೆಗಳಿಗೆ ಒಂದೊಂದಾಗಿ ಉತ್ತರ ಹಾಕಿದ್ದೇನೆ.

ಗೋಣಿಕೊಪ್ಪದಿಂದ: ಮೇಡಂ, ಟ್ರೈನಿಂಗ್‌ನಲ್ಲಿ "ಹೊಕ್ಕುಳನ್ನು ಬೆನ್ನಿಗೆ ಎಳೆದುಕೊಳ್ಳಿ" ಅಂತ ಹೇಳಿಸುತ್ತಿದ್ದರು. ನಾನೂ ಹಾಗೇ ಹೇಳುತ್ತೇನೆ. ಆದರೆ ಕ್ಲಾಸ್‌ನಲ್ಲಿ ಎಲ್ಲರೂ ಉಸಿರು ಬಿಗಿಹಿಡಿದು ಮುಖ ಕೆಂಪು ಮಾಡಿಕೊಳ್ಳುತ್ತಾರೆ. ಎಲ್ಲಿ ಎಡವಟ್ಟಾಗುತ್ತಿದೆ?

ಉತ್ತರ: ನಿಮ್ಮ ಮಾತನ್ನು ಅವರು "ಶಕ್ತಿಯೆಲ್ಲಾ ಹಾಕಿ ಹೊಟ್ಟೆ ಬಿಗಿಮಾಡಿ" ಅಂತ ಕೇಳಿಸಿಕೊಳ್ಳುತ್ತಿದ್ದಾರೆ. ತೊಂದರೆ ಅಲ್ಲೇ ಇದೆ.

ಕೋರ್, ಅಂದರೆ ಮೈಯ ನಡುಭಾಗವನ್ನು ಹಿಡಿದಿಡುವ ಸ್ನಾಯುಗಳು, ಹೊಟ್ಟೆಯ ಮೇಲೆ ಕಾಣುವ ಸ್ನಾಯು ಅಲ್ಲ. ಮೇಲೆ ಕಾಣುವುದು ರೆಕ್ಟಸ್ ಅಬ್ಡೊಮಿನಿಸ್. ಎದೆಗೂಡನ್ನೂ ಸೊಂಟವನ್ನೂ ಹತ್ತಿರ ತಂದು ಬೆನ್ನು ಬಗ್ಗಿಸುವುದು ಅದರ ಕೆಲಸ. ನಮಗೆ ಬೇಕಾದದ್ದು ಅದಕ್ಕಿಂತ ಒಳಗಿದೆ. ಮುಂದೆ ಮತ್ತು ಪಕ್ಕದಲ್ಲಿ ಟ್ರಾನ್ಸ್‌ವರ್ಸಸ್ ಅಬ್ಡೊಮಿನಿಸ್. ಹೊಟ್ಟೆಯ ಸ್ನಾಯುಗಳಲ್ಲಿ ಎಲ್ಲಕ್ಕಿಂತ ಒಳಗಿನ ಪದರ ಇದು, ಎಳೆಗಳು ಅಡ್ಡಡ್ಡಲಾಗಿ ಹೋಗುತ್ತವೆ. ಹಿಂದೆ ಮಲ್ಟಿಫಿಡಸ್, ಬೆನ್ನುಮೂಳೆಯ ಮಣಿಗಳಿಗೆ ಅಂಟಿಕೊಂಡೇ ಇರುವ ಚಿಕ್ಕ ಚಿಕ್ಕ ಸ್ನಾಯುಗಳು. ಮೇಲೆ ಎದೆಗೂ ಹೊಟ್ಟೆಗೂ ನಡುವೆ ಇರುವ ಉಸಿರಾಟದ ಡಯಾಫ್ರಂ, ಕೆಳಗೆ ಮೂತ್ರಕೋಶ, ಗರ್ಭಕೋಶವನ್ನು ತಳದಿಂದ ಹೊರುವ ಪೆಲ್ವಿಕ್ ಫ್ಲೋರ್. ಈ ನಾಲ್ಕೂ ಒಟ್ಟಿಗೆ ಕೆಲಸ ಮಾಡಬೇಕು. ಉಸಿರು ತೆಗೆದುಕೊಂಡಾಗ ಡಯಾಫ್ರಂ ಕೊಡೆ ಬಿಚ್ಚಿದ ಹಾಗೆ ಅಗಲವಾಗಿ ಕೆಳಗಿಳಿಯುತ್ತದೆ, ಪೆಲ್ವಿಕ್ ಫ್ಲೋರ್ ಸ್ವಲ್ಪ ಸಡಿಲವಾಗುತ್ತದೆ. ಬಿಟ್ಟಾಗ ಎರಡೂ ಮೇಲೇರುತ್ತವೆ, ಟ್ರಾನ್ಸ್‌ವರ್ಸಸ್ ತಾನಾಗಿ ಸ್ವಲ್ಪ ಬಿಗಿಯಾಗುತ್ತದೆ. ಅದಕ್ಕೇ ಶ್ರಮ ಬೀಳುವ ಚಲನೆಗೆ ಉಸಿರು ಬಿಡುವುದು. ಉಸಿರು ಹಿಡಿದರೆ ಈ ಹೊಂದಾಣಿಕೆ ಹೋಗುತ್ತದೆ. ಹೊಟ್ಟೆಯೊಳಗಿನ ಒತ್ತಡ ಪೂರ್ತಿ ಕೆಳಗೆ ಪೆಲ್ವಿಕ್ ಫ್ಲೋರ್ ಮೇಲೆ ಬೀಳುತ್ತದೆ, ರಕ್ತದೊತ್ತಡವೂ ಏರುತ್ತದೆ. ಬಿಪಿ ಇರುವವರು ಕ್ಲಾಸ್‌ನಲ್ಲಿದ್ದರೆ ಈ ಒಂದು ಕಾರಣಕ್ಕೇ ನೀವು ಉಸಿರಿನ ಮೇಲೆ ಕಣ್ಣಿಟ್ಟಿರಬೇಕು.

ಮಾಡಿಸುವುದು ಹೀಗೆ. ಮೊಣಕಾಲು ಮಡಚಿ ಅಂಗಾತ ಮಲಗಿಸಿ. ಸೊಂಟದ ಮುಂದಿನ ಎರಡು ಮೂಳೆ ತುದಿಗಳೂ ಕೆಳಗಿನ ಪ್ಯೂಬಿಕ್ ಮೂಳೆಯೂ ಒಂದೇ ಮಟ್ಟದಲ್ಲಿರಲಿ. ನ್ಯೂಟ್ರಲ್ ಅನ್ನುವುದು ಇದನ್ನೇ. ಆ ಮೂಳೆ ತುದಿಗಳಿಂದ ಎರಡು ಬೆರಳಷ್ಟು ಒಳಗೆ ಅವರ ಬೆರಳನ್ನೇ ಇಡಿಸಿ. ಬಾಯಿಂದ ನಿಧಾನವಾಗಿ ಉಸಿರು ಬಿಡುತ್ತಾ, ಮೂತ್ರ ತಡೆದು ಹಿಡಿಯುವ ಹಾಗೆ ಮೆಲ್ಲಗೆ ಮೇಲೆಳೆಯಲು ಹೇಳಿ. ಬೆರಳಿನ ಕೆಳಗೆ ಮೃದುವಾದ ಬಿಗಿ ಬಂದರೆ ಸರಿ. ಬೆರಳನ್ನು ಹೊರಗೆ ತಳ್ಳುವ ಹಾಗೆ ಉಬ್ಬಿದರೆ ಜಾಸ್ತಿ ಆಯಿತು ಅಂತ ಅರ್ಥ. ಅದನ್ನು ಹಿಡಿದುಕೊಂಡೇ ಮಾತಾಡಲು ಆಗಬೇಕು. ನಾನು ಮನೆಯಲ್ಲಿ ಯಾರ್‍ಯಾರಿದ್ದಾರೆ ಅಂತ ಕೇಳಿ ಮಾತಾಡಿಸುತ್ತೇನೆ. ಉತ್ತರ ಸಲೀಸಾಗಿ ಬಂದರೆ ಉಸಿರು ಓಡಾಡುತ್ತಿದೆ.

ಅದೇ ಸದಸ್ಯೆ: ಬೆನ್ನುನೋವಿಗೆ ಟ್ರಾನ್ಸ್‌ವರ್ಸಸ್ ಒಂದೇ ಸಾಕು ಅಂತ ಎಲ್ಲೋ ಓದಿದ್ದೆ. ನಿಜವಾ ಅಕ್ಕಾ?

ಉತ್ತರ: ಅಷ್ಟು ಸರಳ ಅಲ್ಲ. ಆಸ್ಟ್ರೇಲಿಯಾದಲ್ಲಿ ಹಾಜಸ್ ಮತ್ತು ರಿಚರ್ಡ್ಸನ್ 1996ರಲ್ಲಿ ಒಂದು ಅಧ್ಯಯನ ಮಾಡಿದರು. ಆರೋಗ್ಯವಂತರು ಕೈ ಎತ್ತುವ ಮುಂಚೆಯೇ ಟ್ರಾನ್ಸ್‌ವರ್ಸಸ್ ಕೆಲಸ ಶುರು ಮಾಡಿತ್ತು. ಬೆನ್ನುನೋವು ಇದ್ದವರಲ್ಲಿ ತಡವಾಗಿತ್ತು. ಅಲ್ಲಿಂದ ಜನ ಆ ಒಂದು ಸ್ನಾಯುವಿನ ಹಿಂದೆ ಬಿದ್ದರು. ನನ್ನ ಅಭಿಪ್ರಾಯದಲ್ಲಿ ಅದು ಅತಿಯಾಯಿತು. 2015ರ ಕಾಕ್ರೇನ್ ವಿಮರ್ಶೆ (ಹಲವು ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡುವ ವರದಿ) ಪ್ರಕಾರ, ಬೆನ್ನುನೋವಿಗೆ ಏನೂ ಮಾಡದೆ ಇರುವುದಕ್ಕಿಂತ ಪಿಲಾಟೆಸ್ ಒಳ್ಳೆಯದು. ಬೇರೆ ವ್ಯಾಯಾಮಗಳಿಗಿಂತ ಮೇಲು ಅನ್ನುವುದಕ್ಕೆ ಗಟ್ಟಿ ಆಧಾರ ಇಲ್ಲ. ಆದ್ದರಿಂದ "ಬೆನ್ನುನೋವು ಗುಣಪಡಿಸುತ್ತೇವೆ" ಅಂತ ಬೋರ್ಡ್ ಹಾಕಬೇಡಿ. ಇದನ್ನು ಕೈಮುಗಿದು ಕೇಳಿಕೊಳ್ಳುತ್ತೇನೆ.

ಸೋಮವಾರಪೇಟೆಯಿಂದ: ಪಿಲಾಟೆಸ್ ಡ್ಯಾನ್ಸ್ ಮಾಡುವವರಿಗೆ ಅಂತ ಹುಟ್ಟಿದ್ದು ಅಲ್ವಾ? ತತ್ವಗಳು ಆರು ಅಂತ ಒಬ್ಬರು, ಎಂಟು ಅಂತ ಇನ್ನೊಬ್ಬರು. ಯಾವುದು ಸರಿ?

ಉತ್ತರ: ಜೋಸೆಫ್ ಪಿಲಾಟೆಸ್ 1883ರಲ್ಲಿ ಜರ್ಮನಿಯಲ್ಲಿ ಹುಟ್ಟಿದವರು. ಮೊದಲ ಮಹಾಯುದ್ಧದಲ್ಲಿ ಬ್ರಿಟನ್ನಿನವರು ಅವರನ್ನು ಬಂಧಿಸಿ ಶಿಬಿರದಲ್ಲಿಟ್ಟಿದ್ದರು. ಅಲ್ಲಿ ಜೊತೆಯವರಿಗೂ ವ್ಯಾಯಾಮ ಹೇಳಿಕೊಟ್ಟರು. ಡ್ಯಾನ್ಸರ್‌ಗಳು ಬಂದದ್ದು ಆಮೇಲೆ, ನ್ಯೂಯಾರ್ಕ್‌ನಲ್ಲಿ. ತಮ್ಮ ಪದ್ಧತಿಯನ್ನು ಜೋಸೆಫ್ ಕಂಟ್ರಾಲಜಿ ಅಂತ ಕರೆಯುತ್ತಿದ್ದರು. ಏಕಾಗ್ರತೆ, ನಿಯಂತ್ರಣ, ಕೇಂದ್ರ, ನಿಖರತೆ, ಉಸಿರು, ಹರಿವು ಅಂತ ಆರಾಗಿ ಪಟ್ಟಿ ಮಾಡಿದ್ದು ಆಮೇಲಿನವರು. ಅದಕ್ಕೇ ಸಂಸ್ಥೆಯಿಂದ ಸಂಸ್ಥೆಗೆ ಸಂಖ್ಯೆ ಬದಲಾಗುತ್ತದೆ. ಆರೋ ಎಂಟೋ ಅನ್ನುವ ಚರ್ಚೆ ಬಿಡಿ. ನಿಯಂತ್ರಣ ತಪ್ಪಿದ ಕೂಡಲೆ ಎಣಿಕೆ ನಿಲ್ಲಿಸಿ. ಹತ್ತು ಸಲ ಅಂತ ಹೇಳಿದ್ದರೂ ಆರನೆಯದರಲ್ಲಿ ಸೊಂಟ ಅಲ್ಲಾಡಿದರೆ ಅವರಿಗೆ ಐದೇ ಸಾಕು.

ವಿರಾಜಪೇಟೆಯಿಂದ: ನನ್ನ ಬೆಳಗಿನ ಬ್ಯಾಚ್‌ನಲ್ಲಿ ಅರವತ್ತು ದಾಟಿದ ಹೆಂಗಸರೇ ಜಾಸ್ತಿ. ಮಲಗಿದಲ್ಲಿಂದ ಬೆನ್ನು ಸುರುಳಿ ಮಾಡಿ ಏಳುವ ರೋಲ್ ಅಪ್, ಚೆಂಡಿನಂತೆ ಉರುಳುವ ರೋಲಿಂಗ್ ಲೈಕ್ ಎ ಬಾಲ್ ಅಂದರೆ ಖುಷಿಯಿಂದ ಮಾಡುತ್ತಾರೆ. ಒಬ್ಬರಿಗೆ ಮೂಳೆ ಸವೆತ ಅಂತ ಡಾಕ್ಟರ್ ಹೇಳಿದ್ದಾರಂತೆ. ಅವರೊಬ್ಬರನ್ನು ಬಿಟ್ಟು ಉಳಿದವರಿಗೆ ಮಾಡಿಸಬಹುದಾ?

ಉತ್ತರ: ಈ ಪ್ರಶ್ನೆಗೆ ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಮೊದಲು ಒಂದು ವಿಷಯ ಕೇಳಿ ತಿಳಿದುಕೊಳ್ಳಿ. ನಮ್ಮ ಕಡೆ ಮಂಡಿ ಸವೆದರೂ ಮೂಳೆ ಸವೆತ ಅನ್ನುತ್ತಾರೆ, ಮೂಳೆ ಟೊಳ್ಳಾದರೂ ಅದನ್ನೇ ಅನ್ನುತ್ತಾರೆ. ನಿಮಗೆ ಭಯ ಇರಬೇಕಾದದ್ದು ಎರಡನೆಯದಕ್ಕೆ, ಅಂದರೆ ಆಸ್ಟಿಯೋಪೊರೋಸಿಸ್‌ಗೆ. ಮೂಳೆಯ ಸಾಂದ್ರತೆ ಅಳೆಯುವ ಡೆಕ್ಸಾ ಸ್ಕ್ಯಾನ್‌ನಲ್ಲಿ ಟಿ-ಸ್ಕೋರ್ ಮೈನಸ್ 2.5 ಅಥವಾ ಅದಕ್ಕಿಂತ ಕೆಳಗಿದ್ದರೆ ಹಾಗನ್ನುತ್ತಾರೆ. ಮುಟ್ಟು ನಿಂತ ಮೇಲೆ ಈಸ್ಟ್ರೊಜೆನ್ ಇಳಿಯುವುದರಿಂದ ಮೂಳೆ ಬೇಗ ಟೊಳ್ಳಾಗುತ್ತದೆ. ನೋವೇ ಇರುವುದಿಲ್ಲ. ಸ್ಕ್ಯಾನ್ ಮಾಡಿಸದವರಿಗೆ ಇದೆಯೋ ಇಲ್ಲವೋ ಗೊತ್ತೇ ಇರುವುದಿಲ್ಲ. ಹಾಗಾಗಿ "ಅವರೊಬ್ಬರನ್ನು ಬಿಟ್ಟು" ಅನ್ನುವುದು ನನಗೆ ಒಪ್ಪಿಗೆ ಇಲ್ಲ. ಆ ಬ್ಯಾಚ್‌ಗೆ ಪೂರ್ತಿಯಾಗಿ ಈ ಎರಡೂ ಬಿಡಿ.

ಬೆನ್ನು ಗುಂಡಗೆ ಮಾಡಿ ಬಗ್ಗಿದಾಗ ಭಾರ ಮಣಿಗಳ ಮುಂಭಾಗಕ್ಕೆ ಬೀಳುತ್ತದೆ. ಟೊಳ್ಳಾದ ಮಣಿ ಅಲ್ಲೇ ಕುಸಿಯುವುದು. ಅಮೆರಿಕದ ಮೇಯೋ ಕ್ಲಿನಿಕ್‌ನಲ್ಲಿ 1984ರಲ್ಲಿ ಬಂದ ಒಂದು ಅಧ್ಯಯನ ಇದೆ. ಬೆನ್ನುಮೂಳೆ ಟೊಳ್ಳಾದ ಹೆಂಗಸರಲ್ಲಿ ಒಂದು ಗುಂಪು ಹಿಂದೆ ಬಾಗುವ ವ್ಯಾಯಾಮ ಮಾಡಿತು, ಇನ್ನೊಂದು ಮುಂದೆ ಬಗ್ಗುವುದು. ಹಿಂದೆ ಬಾಗಿದವರಲ್ಲಿ ಶೇ. 16 ಮಂದಿಗೆ ಮಣಿ ಹೊಸದಾಗಿ ಕುಸಿದಿತ್ತು. ಮುಂದೆ ಬಗ್ಗಿದವರಲ್ಲಿ ಶೇ. 89. ಗುಂಪುಗಳು ಚಿಕ್ಕವು, ಅದನ್ನೂ ಹೇಳಬೇಕು. ಆದರೂ ಇಷ್ಟು ದೊಡ್ಡ ವ್ಯತ್ಯಾಸ ಕಂಡ ಮೇಲೆ ನಾನಂತೂ ರಿಸ್ಕ್ ತೆಗೆದುಕೊಳ್ಳುವುದಿಲ್ಲ.

ರೋಲ್ ಅಪ್, ರೋಲಿಂಗ್, ಮಲಗಿ ಕಾಲುಗಳನ್ನು ತಲೆಯ ಹಿಂದಕ್ಕೆ ಒಯ್ಯುವ ರೋಲ್ ಓವರ್, ತಲೆ ಎತ್ತಿ ಕೈ ಬಡಿಯುತ್ತಾ ನೂರು ಎಣಿಸುವ ಹಂಡ್ರೆಡ್, ಕುಳಿತು ತಿರುಚಿ ಬಗ್ಗುವ "ಸಾ" ಇವೆಲ್ಲ ಬೇಡ. ಮ್ಯಾಟ್‌ನಿಂದ ಏಳುವಾಗಲೂ ನೇರ ಎದ್ದು ಕೂರಬಾರದು. ಪಕ್ಕಕ್ಕೆ ಹೊರಳಿ, ಕೈ ಊರಿ ಏಳಬೇಕು. ಮೊದಲ ದಿನ ಕಲಿಸಬೇಕಾದದ್ದೇ ಅದು.

ಅದೇ ಸದಸ್ಯೆ: ಹಂಡ್ರೆಡ್ ಇಲ್ಲದಿದ್ದರೆ ಇದೆಂಥ ಕ್ಲಾಸ್ ಅಂತ ಕೇಳುತ್ತಾರೆ ಮೇಡಂ!

ಉತ್ತರ: ಹಂಡ್ರೆಡ್ ಮಾಡಿಸಿ, ತಲೆ ಮಾತ್ರ ಕೆಳಗಿರಲಿ. ತಲೆಯ ಕೆಳಗೆ ಮಡಚಿದ ಟವೆಲ್, ಪಾದ ನೆಲದ ಮೇಲೆ. ಐದು ಎಣಿಕೆ ಉಸಿರು ಒಳಗೆ, ಐದು ಹೊರಗೆ, ಹತ್ತು ಸಲ, ಒಟ್ಟು ನೂರು. ಕೈ ಬಡಿತ, ಉಸಿರು ಎರಡೂ ಹಾಗೇ ಸಿಗುತ್ತದೆ. ವಯಸ್ಸು ಕಡಿಮೆ ಇರುವವರಿಗೂ ಇದು ಒಳ್ಳೆಯ ಶುರು. ತಲೆಯೇ ನಾಲ್ಕೈದು ಕೆಜಿ ತೂಗುತ್ತದೆ. ಕುತ್ತಿಗೆಯ ಒಳಗಿನ ಸ್ನಾಯುಗಳಿಗೆ ಬಲ ಇಲ್ಲದಿದ್ದರೆ ಮುಂದಿನ ಸ್ಟರ್ನೊಕ್ಲಿಡೊಮಾಸ್ಟಾಯ್ಡ್ ಎಳೆದು ಗದ್ದ ಮೇಲೆ ಹೋಗುತ್ತದೆ. ಕ್ಲಾಸ್ ಮುಗಿಸಿ ಕುತ್ತಿಗೆ ನೋವು ಅನ್ನುವವರ ಕಥೆ ಸಾಮಾನ್ಯವಾಗಿ ಇದೇ.

ಸಿದ್ದಾಪುರದಿಂದ: ನಮ್ಮ ತೋಟದ ಹೆಂಗಸರಿಗೆ ಕೆಲಸ ಮುಗಿದ ಮೇಲೆ ಸುಮ್ನೆ ಅರ್ಧ ಗಂಟೆ ಮಾಡಿಸೋಣ ಅಂತಿದ್ದೇನೆ. ಕಾಫಿ ಕುಯ್ಲಿನ ಸಮಯದಲ್ಲಿ ಎಲ್ಲರಿಗೂ ಸೊಂಟ ನೋವು. ಯಾವುದರಿಂದ ಶುರು ಮಾಡಲಿ?

ಉತ್ತರ: ಒಳ್ಳೆಯ ಕೆಲಸ, ಖಂಡಿತ ಮಾಡಿ. ಆದರೆ ಅವರ ದಿನ ಹೇಗಿರುತ್ತದೆ ನೋಡಿ. ಇಳಿಜಾರಿನಲ್ಲಿ ನಿಂತು ಕೈ ಮೇಲೆತ್ತಿ ಕುಯ್ಯುತ್ತಾರೆ, ಬಿದ್ದ ಹಣ್ಣು ಬಗ್ಗಿ ಹೆಕ್ಕುತ್ತಾರೆ, ಸಂಜೆ ಚೀಲ ಹೊರುತ್ತಾರೆ. ದಿನವಿಡೀ ಬಗ್ಗಿದವರನ್ನು ಸಂಜೆ ಮತ್ತೆ ಬಗ್ಗಿಸುವುದು ಏಕೆ?

ಮೊದಲು ಐದು ನಿಮಿಷ ಮೊಣಕಾಲು ಮಡಚಿ ಮಲಗಿ ಉಸಿರು, ಪಕ್ಕೆಲುಬು ಅಗಲವಾಗುವ ಹಾಗೆ. ಆಮೇಲೆ ಬ್ರಿಡ್ಜ್, ಅಂದರೆ ಹಾಗೇ ಮಲಗಿ ಸೊಂಟ ಮೇಲೆತ್ತುವುದು. ಬಗ್ಗುವಾಗ, ಎತ್ತುವಾಗ ಪೃಷ್ಠದ ದೊಡ್ಡ ಸ್ನಾಯು ಗ್ಲೂಟಿಯಸ್ ಮ್ಯಾಕ್ಸಿಮಸ್ ಕೆಲಸ ಮಾಡದಿದ್ದರೆ ಸೊಂಟವೇ ಎಲ್ಲ ಹೊರುತ್ತದೆ. ಆಮೇಲೆ ಬೋರಲು ಮಲಗಿ ಎದೆ ಸ್ವಲ್ಪ ಎತ್ತುವುದು, ಕೈ ದೇಹದ ಪಕ್ಕ. ಕೈಕಾಲು ಊರಿ ಎದುರು ಬದುರು ಕೈ, ಕಾಲು ಚಾಚುವುದು. ಇದು ಮಲ್ಟಿಫಿಡಸ್‌ಗೆ. ಒಂದು ಸಲ ಬೆನ್ನು ಹಿಡಿದವರಲ್ಲಿ ನೋವು ಹೋದರೂ ಈ ಸ್ನಾಯು ತಾನಾಗಿ ಮೊದಲಿನಂತೆ ಆಗುವುದಿಲ್ಲ. ಕೊನೆಗೆ ನಿಂತುಕೊಂಡು, ಬೆನ್ನು ಬಗ್ಗಿಸದೆ ತೊಡೆಯ ಬುಡದ ಕೀಲಿನಿಂದ ಮಡಚಿ ಚೀಲ ಎತ್ತುವುದನ್ನು ಕಲಿಸಿ. ನನ್ನನ್ನು ಕೇಳಿದರೆ ಆ ಅರ್ಧ ಗಂಟೆಯಲ್ಲಿ ಅದೇ ಮುಖ್ಯ.

ಬೆಳಿಗ್ಗೆ ಆರಕ್ಕೆ ಬ್ಯಾಚ್ ಇಡುವವರಿಗೂ ಒಂದು ಮಾತು. ರಾತ್ರಿಯಿಡೀ ಮಲಗಿದಾಗ ಡಿಸ್ಕ್ (ಬೆನ್ನುಮೂಳೆಯ ಮಣಿಗಳ ನಡುವಿನ ಮೆತ್ತೆ) ನೀರು ಹೀರಿಕೊಂಡು ಉಬ್ಬಿರುತ್ತದೆ. ಎದ್ದ ಮೊದಲ ಒಂದು ಗಂಟೆಯಲ್ಲಿ ಆಳವಾಗಿ ಬಗ್ಗಿಸಿದರೆ ಅದರ ಮೇಲೆ ಒತ್ತಡ ಜಾಸ್ತಿ. ಮಳೆಗಾಲದಲ್ಲಂತೂ ಮೈ ಬಿಸಿಯಾಗಲು ಸಮಯ ಬೇಕು, ನಿಂತು ಮಾಡುವ ವಾರ್ಮ್ ಅಪ್ ಉದ್ದ ಮಾಡಿ. ನೆಲ ಬೆವರಿದ್ದರೆ ಮ್ಯಾಟ್ ಜಾರುತ್ತದೆ, ಒರೆಸಿಯೇ ಹಾಸಿ.

ಕುಶಾಲನಗರದಿಂದ: ಒಬ್ಬರಿಗೆ ಡಿಸ್ಕ್ ಜಾರಿ ಕಾಲಿಗೆ ನೋವು ಇಳಿಯುತ್ತದೆ. ಡಾಕ್ಟರ್ "ವ್ಯಾಯಾಮ ಮಾಡಿ" ಅಂತಷ್ಟೇ ಹೇಳಿದ್ದಾರೆ. ಎರಡೂ ಕಾಲು ಒಟ್ಟಿಗೆ ಇಳಿಸುವ ಡಬಲ್ ಲೆಗ್ ಲೋವರ್ ಮಾಡಿಸಿದಾಗ ನೋವು ಜಾಸ್ತಿ ಆಯಿತು ಅಂದರು.

ಉತ್ತರ: ಅದನ್ನು ಇವತ್ತೇ ನಿಲ್ಲಿಸಿ. ಸೋವಸ್ ಸ್ನಾಯು ಸೊಂಟದ ಮಣಿಗಳಿಂದ ಹೊರಟು ತೊಡೆಮೂಳೆಗೆ ಸೇರುತ್ತದೆ. ಎರಡು ಕಾಲಿನ ಭಾರವನ್ನು ಅದು ಹಿಡಿದಾಗ ಹೊಟ್ಟೆಯ ಸ್ನಾಯು ಸೋತರೆ ಸೊಂಟ ಮುಂದಕ್ಕೆ ವಾಲಿ ಬೆನ್ನು ಮ್ಯಾಟ್‌ನಿಂದ ಎದ್ದುಬಿಡುತ್ತದೆ, ಮಣಿಗಳ ಮೇಲೆ ಒತ್ತಡ ಏರುತ್ತದೆ. ಮೊಣಕಾಲು ಮಡಚಿ ಒಂದೊಂದೇ ಪಾದ ನೆಲಕ್ಕೆ ಮುಟ್ಟಿಸುವುದು ಸಾಕು, ಅದೂ ನೋವು ಇಲ್ಲದಿದ್ದರೆ. ಸಾಮಾನ್ಯವಾಗಿ ಇಂಥವರಿಗೆ ಮುಂದೆ ಬಗ್ಗುವುದು ಆಗಿಬರುವುದಿಲ್ಲ. ಮಣಿಯೇ ಮುಂದೆ ಜಾರಿರುವ ಸ್ಪಾಂಡಿಲೊಲಿಸ್ತೆಸಿಸ್ ಇದ್ದರೆ ಉಲ್ಟಾ, ಬೋರಲು ಮಲಗಿ ಎದೆ ಎತ್ತುವ ಸ್ವಾನ್‌ನಂತೆ ಹಿಂದೆ ಬಾಗುವುದು ಬೇಡ. ಎರಡನ್ನೂ ಜನ "ಡಿಸ್ಕ್ ಪ್ರಾಬ್ಲಂ" ಅಂತಲೇ ಹೇಳುತ್ತಾರೆ. ಸ್ಕ್ಯಾನ್ ರಿಪೋರ್ಟ್ ನೋಡಿದ ಡಾಕ್ಟರ್ ಅಥವಾ ಫಿಸಿಯೋ ಹತ್ತಿರ ಏನು ಮಾಡಬಾರದು ಅಂತ ಬರೆಸಿಕೊಂಡು ಬರಲು ಹೇಳಿ.

ನೋವು ಕಾಲಿನಿಂದ ಮೇಲಕ್ಕೆ, ಸೊಂಟದ ಕಡೆಗೆ ಸರಿದರೆ ಒಳ್ಳೆಯ ಲಕ್ಷಣ. ಪಾದದ ಕಡೆಗೆ ಇಳಿಯುತ್ತಾ ಹೋದರೆ ನಿಲ್ಲಿಸಿ. ಇನ್ನೊಂದನ್ನು ಬಾಯಿಪಾಠ ಮಾಡಿಕೊಳ್ಳಿ: ತೊಡೆಗಳ ಒಳಭಾಗ, ಗುದದ ಸುತ್ತ ಮರಗಟ್ಟುವುದು, ಮೂತ್ರ ಬಾರದಿರುವುದು ಅಥವಾ ಹಿಡಿತ ತಪ್ಪುವುದು, ಪಾದ ಎತ್ತಲು ಆಗದಿರುವುದು. ಇದು ಕ್ಲಾಸ್‌ನ ವಿಷಯವೇ ಅಲ್ಲ. ಆ ಕ್ಷಣ ಆಸ್ಪತ್ರೆಗೆ ಕಳಿಸಬೇಕು. ನಾಳೆ ನೋಡೋಣ ಅಂದರೆ ನರ ಶಾಶ್ವತವಾಗಿ ಹಾಳಾಗಬಹುದು.

ನಾಪೋಕ್ಲಿನಿಂದ: ಬಾಣಂತನ ಮುಗಿಸಿದವರು ಹೊಟ್ಟೆ ಕರಗಿಸಬೇಕು ಅಂತ ಬರುತ್ತಾರೆ. ಯಾವಾಗಿನಿಂದ ಮಾಡಿಸಲಿ?

ಉತ್ತರ: ಮೆಲ್ಲಗಿನ ಉಸಿರು, ಪೆಲ್ವಿಕ್ ಫ್ಲೋರ್ ಕೆಲಸ ಹೆರಿಗೆಯಾದ ಕೆಲವೇ ದಿನಗಳಲ್ಲಿ ಡಾಕ್ಟರ್ ಒಪ್ಪಿದರೆ ಶುರು ಮಾಡಬಹುದು. ಮ್ಯಾಟ್ ಕ್ಲಾಸ್ ಮಾತ್ರ ಆರು ವಾರದ ಚೆಕಪ್ ಆದ ಮೇಲೆ, ಸಿಸೇರಿಯನ್ ಆಗಿದ್ದರೆ ಇನ್ನೂ ತಡವಾಗಿ.

ಬಂದವರನ್ನು ಮಲಗಿಸಿ ತಲೆ ಸ್ವಲ್ಪ ಎತ್ತಿಸಿ, ಹೊಕ್ಕುಳ ಹತ್ತಿರ ನಡುಗೆರೆಯಲ್ಲಿ ಬೆರಳಿಟ್ಟು ನೋಡಿ. ಎರಡು ಬೆರಳಿಗಿಂತ ಜಾಸ್ತಿ ಜಾಗ ಸಿಕ್ಕರೆ ರೆಕ್ಟಸ್‌ನ ಎರಡು ಭಾಗ ದೂರವಾಗಿವೆ. ಯಾವುದೇ ವ್ಯಾಯಾಮದಲ್ಲಿ ಹೊಟ್ಟೆ ನಡುವೆ ದಿಣ್ಣೆಯಂತೆ ಉಬ್ಬಿದರೆ ಅದು ಸದ್ಯಕ್ಕೆ ಅವರಿಗಲ್ಲ. ಕೆಮ್ಮಿದಾಗ ಮೂತ್ರ ಸೋರುತ್ತದಾ ಅಂತ ಒಬ್ಬರೇ ಇದ್ದಾಗ ಕೇಳಿ. ನಾಚಿಕೆಗೆ ತಾವಾಗಿ ಹೇಳುವುದಿಲ್ಲ. ಹೌದು ಅಂದರೆ ಕುಣಿತ, ಜಿಗಿತ ಬಿಟ್ಟು ಫಿಸಿಯೋ ಹತ್ತಿರ ಕಳಿಸಿ. ಇದಕ್ಕೆ ಚಿಕಿತ್ಸೆ ಇದೆ, ಹೆತ್ತವರೆಲ್ಲ ಅನುಭವಿಸಲೇಬೇಕು ಅಂತೇನಿಲ್ಲ.

ಗರ್ಭಿಣಿಯರು ಕೇಳಿದರೆ: ಮೂರು ತಿಂಗಳು ದಾಟಿದ ಮೇಲೆ ತುಂಬಾ ಹೊತ್ತು ಅಂಗಾತ ಮಲಗಿಸಬೇಡಿ. ಗರ್ಭದ ಭಾರ ದೊಡ್ಡ ರಕ್ತನಾಳವನ್ನು ಒತ್ತಿ ತಲೆಸುತ್ತು ಬರಬಹುದು. ಪಕ್ಕಕ್ಕೆ ಮಲಗಿ, ಕುಳಿತು, ಕೈಕಾಲು ಊರಿ ಮಾಡಿಸಿ.

ಪೊನ್ನಂಪೇಟೆಯಿಂದ: ಹಾಕಿ ಆಡುವ ಹುಡುಗರು ಬರುತ್ತಾರೆ. ನಿವೃತ್ತ ಸೈನಿಕರೊಬ್ಬರೂ ಬಂದಿದ್ದಾರೆ, ಮೂರು ತಿಂಗಳ ಹಿಂದೆ ಸೊಂಟದ ಕೀಲು ಬದಲಾಯಿಸಿದ್ದಾರೆ. ಒಂದೇ ಬ್ಯಾಚ್‌ನಲ್ಲಿ ಹಾಕಲಾ?

ಉತ್ತರ: ಬೇಡ. ಹುಡುಗರಿಗೆ ಪಕ್ಕಕ್ಕೆ ಮಲಗಿ ಕಾಲೆತ್ತುವುದು ಚೆನ್ನಾಗಿ ಮಾಡಿಸಿ, ಸೊಂಟದ ಪಕ್ಕದ ಗ್ಲೂಟಿಯಸ್ ಮೀಡಿಯಸ್ ಸ್ನಾಯುವಿಗೂ ತೊಡೆಯ ಒಳಭಾಗಕ್ಕೂ. ಸದಾ ಬಗ್ಗಿ ಆಡುವವರು, ಹಿಂದೆ ಬಾಗುವ ವ್ಯಾಯಾಮವೂ ಬೇಕು.

ಆ ಸರ್ ವಿಷಯದಲ್ಲಿ ಸರ್ಜನ್ ಯಾವ ಕಡೆಯಿಂದ ಆಪರೇಷನ್ ಮಾಡಿದ್ದಾರೆ ಕೇಳಿ. ಹಿಂದಿನಿಂದ ಮಾಡಿದ್ದರೆ, ಸರ್ಜನ್ ಬಿಡುವವರೆಗೆ ತೊಡೆ 90 ಡಿಗ್ರಿ ಮೀರಿ ಮಡಚಬಾರದು, ಕಾಲು ಮೈ ನಡುಗೆರೆ ದಾಟಬಾರದು, ಒಳಕ್ಕೆ ತಿರುಗಬಾರದು. ಕೀಲು ತಪ್ಪುವ ಅಪಾಯ ಇರುತ್ತದೆ. ಮೊಣಕಾಲನ್ನು ಎದೆಗೆ ಎಳೆಯುವ ಸಿಂಗಲ್ ಲೆಗ್ ಸ್ಟ್ರೆಚ್ ಕೂಡ ಅವರಿಗೆ ಸದ್ಯ ಬೇಡ. ಸೈನ್ಯದಲ್ಲಿದ್ದವರು ನೋವಾದರೂ ಹೇಳುವುದಿಲ್ಲ, ಮಾಡೇ ಮಾಡುತ್ತಾರೆ. ಮುಖ ನೋಡುತ್ತಾ ಒಬ್ಬರಿಗೇ ಹೇಳಿಕೊಡಿ. ಮುಟ್ಟಿ ಸರಿಮಾಡುವ ಮುಂಚೆ "ಕೈ ಇಡಲಾ ಸರ್?" ಅಂತ ಕೇಳಿ, ಇದು ಎಲ್ಲರಿಗೂ ಅನ್ವಯ.

ಅದೇ ಸದಸ್ಯ: ಹಾಗಾದರೆ ಅವರಿಗೆ ಮೊದಲ ದಿನ ಏನು ಮಾಡಿಸಲಿ ಮೇಡಂ?

ಉತ್ತರ: ಸರ್ಜನ್ ಒಪ್ಪಿಗೆ ಚೀಟಿ ತಂದ ಮೇಲೆ ಎತ್ತರದ ಮಂಚ ಅಥವಾ ಟೇಬಲ್ ಮೇಲೆ ಮಾಡಿಸಿ, ನೆಲದಿಂದ ಏಳುವಾಗಲೇ ತೊಡೆ ಜಾಸ್ತಿ ಮಡಚಿಹೋಗುತ್ತದೆ. ಉಸಿರು, ಕಾಲುಗಳ ನಡುವೆ ದಿಂಬಿಟ್ಟು ಚಿಕ್ಕ ಬ್ರಿಡ್ಜ್, ಕುರ್ಚಿ ಹಿಡಿದು ನಿಂತು ಕಾಲು ಹಿಂದಕ್ಕೆ ಮತ್ತು ಪಕ್ಕಕ್ಕೆ. ಇಪ್ಪತ್ತು ನಿಮಿಷ ಸಾಕು. ಮಾರನೇ ದಿನ ಫೋನ್ ಮಾಡಿ ಹೇಗಿದ್ದೀರಿ ಅಂತ ಕೇಳಿ, ಆಮೇಲೆ ಎರಡನೇ ಕ್ಲಾಸ್ ಗೊತ್ತುಮಾಡಿ.