ಡಯಲ್ ತಿರುಗಿಸಿದ್ರೆ ಸ್ಟೆಪ್ಪರ್ ಮೋಟರ್ ಲೇಟಾಗಿ ಕೇಳಿಸ್ಕೊಳ್ತಿದೆ, ಕಾರ್ ಸೊಟ್ಟ ಓಡ್ತಿದೆ

ಅಪ್ಪನ_ವರ್ಕ್‌ಶಾಪ್:
ಎಲ್ರಿಗೂ ನಮಸ್ಕಾರ. ಮಗಳು ಏಳನೇ ಕ್ಲಾಸು, ಸ್ಕೂಲ್ ಎಕ್ಸಿಬಿಷನ್‌ಗೆ ಒಂದು ಪುಟ್ಟ ಕಾರ್ ಮಾಡ್ತಿದೀವಿ, ಅಂದ್ರೆ ಅವಳು ಮಾಡ್ತಿದಾಳೆ ನಾನು ಸೋಲ್ಡರಿಂಗ್ ಐರನ್ ಹಿಡ್ಕೊಂಡು ಪಕ್ಕದಲ್ಲಿ ಕೂತಿರ್ತೀನಿ. ಆರ್ಡುಯಿನೋ ಯುನೋ (ಕೋಡ್ ಹಾಕೋ ಪುಟ್ಟ ಕಂಟ್ರೋಲರ್ ಬೋರ್ಡು), ಎರಡು 28ಬಿವೈಜೆ-48 ಸ್ಟೆಪ್ಪರ್ ಮೋಟರ್ (ಪುಟ್ಟ ಪುಟ್ಟ ಸ್ಟೆಪ್ ಇಟ್ಟು ತಿರುಗತ್ತೆ, ಆ ಬೆಳ್ಳಿ ಡಬ್ಬಿ ಥರದ್ದು, ಐದು ವೈರ್), ಅದ್ರ ಜೊತೆ ಬರೋ, ಮೋಟರ್‌ಗೆ ಕರೆಂಟ್ ಕೊಡೋ ಯುಎಲ್‌ಎನ್2003 ಬೋರ್ಡು, 65 ಎಂಎಂ ಹಳದಿ ಚಕ್ರ. ಸ್ಪೀಡ್‌ಗೆ ಒಂದು 10ಕೆ ಪಾಟ್ (ಪೊಟೆನ್ಶಿಯೋಮೀಟರ್, ತಿರುಗಿಸೋ ಡಯಲ್) ಹಾಕಿದೀವಿ, ಮಧ್ಯದಲ್ಲಿ ನಿಲ್ಬೇಕು, ಬಲಕ್ಕೆ ತಿರುಗಿಸಿದ್ರೆ ಮುಂದೆ, ಎಡಕ್ಕೆ ಹಿಂದೆ. ಕೋಡ್‌ಗೆ ಸ್ಟೆಪ್ಪರ್ ಲೈಬ್ರರಿ (ರೆಡಿ ಕೋಡು), ಲೂಪ್‌ನಲ್ಲಿ (ಮತ್ತೆ ಮತ್ತೆ ಓಡೋ ಭಾಗ) ಡಯಲ್ ಓದಿ ಸೀರಿಯಲ್ ಪ್ರಿಂಟ್ ಮಾಡಿ (ನಂಬರ್ ಕಂಪ್ಯೂಟರ್‌ಗೆ ಕಳಿಸಿ) ಸೆಟ್‌ಸ್ಪೀಡ್ ಕೊಟ್ಟು ಎಡಗಡೆ ಮೋಟರ್‌ಗೆ ಸ್ಟೆಪ್ 2048, ಆಮೇಲೆ ಬಲಗಡೆದಕ್ಕೆ 2048. ಏನಾಗ್ತಿದೆ ಅಂದ್ರೆ ಡಯಲ್ ತಿರುಗಿಸಿ ಹತ್ತು ಹನ್ನೆರಡು ಸೆಕೆಂಡ್ ಆದ್ಮೇಲೆ ಅದಕ್ಕೆ ಗೊತ್ತಾಗತ್ತೆ, ಅಲ್ಲೀವರ್ಗೂ ಒಂದು ಚಕ್ರ ಒಂದು ಸುತ್ತು, ಅದು ನಿಂತ ಮೇಲೆ ಇನ್ನೊಂದು. ಕುಡಿದವರ ಥರ ಹೋಗತ್ತೆ, ಮಗಳಿಗೆ ನಗು ತಡಿಯಕ್ಕಾಗ್ತಿಲ್ಲ. ಬ್ಯಾಟರಿ 9 ವೋಲ್ಟ್ ಚೌಕದ್ದು, ಅದು ಹಾಕಿದ್ರೆ ಇನ್ನೂ ಹದಗೆಡತ್ತೆ. ಪಾಟ್ ಹಾಳಾಗಿದ್ಯಾ?

ರಿಲೇ_ರಾಯ:
ಪಾಟ್ ಪಾಪ ಏನೂ ಮಾಡಿಲ್ಲ ಸರ್. ಆ ಸ್ಟೆಪ್ ಫಂಕ್ಷನ್ ಹೇಳಿದಷ್ಟು ಸ್ಟೆಪ್ ಮುಗಿಸೋವರ್ಗೂ ವಾಪಸ್ ಬರಲ್ಲ. 2048 ಅಂದ್ರೆ ಪೂರ್ತಿ ಒಂದು ಸುತ್ತು, ನಿಮಿಷಕ್ಕೆ 10 ಸುತ್ತಿನ ಸ್ಪೀಡಲ್ಲಿ ಅದಕ್ಕೇ 6 ಸೆಕೆಂಡ್, ಎರಡು ಮೋಟರ್‌ಗೆ 12, ನೀವೇ ಹೇಳಿದ ಲೆಕ್ಕ ನೋಡಿ. ಆ ಹೊತ್ತಲ್ಲಿ ಡಯಲ್ ಕಡೆ ಯಾರೂ ತಿರುಗಿ ನೋಡ್ತಿಲ್ಲ.

ಆಕ್ಸೆಲ್‌ಸ್ಟೆಪ್ಪರ್ ಲೈಬ್ರರಿ ಹಾಕಿ. ಲೂಪ್‌ನಲ್ಲಿ ಎರಡೂ ಮೋಟರ್‌ಗೆ ರನ್‌ಸ್ಪೀಡ್ ಕರೀತಾ ಇರಿ, ಅದು ಟೈಮ್ ಆಗಿದ್ರೆ ಒಂದೇ ಒಂದು ಸ್ಟೆಪ್ ಇಟ್ಟು ವಾಪಸ್ ಬರತ್ತೆ, ಆಗಿಲ್ದಿದ್ರೆ ಸುಮ್ನೆ ಬರತ್ತೆ. ಮಿಲಿಸ್ (ಬೋರ್ಡಿನ ಮಿಲಿಸೆಕೆಂಡ್ ಗಡಿಯಾರ) ನೋಡ್ಕೊಂಡು ಡಯಲ್‌ನ 50 ಮಿಲಿಸೆಕೆಂಡಿಗೊಂದ್ಸಲ ಓದಿದ್ರೆ ಸಾಕು. ಒಂದು ಮಜಾ ಇದೆ ಇಲ್ಲಿ: ಈ ಮೋಟರ್ 5 ವೋಲ್ಟ್‌ಗೆ ನಿಮಿಷಕ್ಕೆ ಹೆಚ್ಚು ಕಮ್ಮಿ 15 ಸುತ್ತು ತಾಳತ್ತೆ, ಅಂದ್ರೆ ಸೆಕೆಂಡಿಗೆ 512 ಸ್ಟೆಪ್. ಡಯಲ್ ಕೊಡೋದು 0ರಿಂದ 1023. ಹಾಗಾಗಿ ನಂಬರ್ ಹೊಂದಿಸೋ ಮ್ಯಾಪ್ ಫಂಕ್ಷನ್ನೂ ಬೇಡ ಗೀಪೂ ಬೇಡ, ಓದಿದ ನಂಬರಲ್ಲಿ 512 ಕಳೀರಿ, ಬಂದಿದ್ದೇ ಸ್ಪೀಡು, ಮೈನಸ್ ಬಂದ್ರೆ ಹಿಂದೆ. ಉತ್ತರ ಪ್ಲಸ್ ಮೈನಸ್ 30ರ ಒಳಗಿದ್ರೆ ಸೊನ್ನೆ ಅಂತ ಮಾಡ್ಕೊಳಿ, ಇಲ್ಲಾಂದ್ರೆ ಮಧ್ಯದಲ್ಲಿ ನಿಲ್ಲೋ ಬದ್ಲು ತೆವಳ್ತಾ ಇರತ್ತೆ. ಡಯಲ್ ಕೊನೇಗೆ ಹೋದಾಗ ತಿರುಗ್ದೆ ಬರೀ ಗುಂಯ್ ಅಂದ್ರೆ 0.9ರಿಂದ ಗುಣಿಸಿ.

ಸೀರಿಯಲ್ ಪ್ರಿಂಟ್ ತೆಗೀರಿ. 9600 ಬಾಡ್ (ಕಳಿಸೋ ಸ್ಪೀಡ್) ಇದ್ರೆ ಒಂದು ಅಕ್ಷರ ಹೋಗಕ್ಕೆ ಸುಮಾರು 1 ಮಿಲಿಸೆಕೆಂಡ್, ಬಫರ್ (ಕಳಿಸೋವರ್ಗೂ ಅಕ್ಷರ ಕಾಯೋ ಜಾಗ) ತುಂಬಿದ ಮೇಲೆ ಹತ್ತು ಅಕ್ಷರ ಪ್ರಿಂಟ್ ಮಾಡೋದ್ರೊಳಗೆ ಐದು ಸ್ಟೆಪ್ ತಪ್ಪೋಗಿರತ್ತೆ. ಕೋಡಲ್ಲಿ ಮೋಟರ್ ಬೋರ್ಡಿನ ಪಿನ್ ಕೊಡೋವಾಗ ಐಎನ್1, ಐಎನ್3, ಐಎನ್2, ಐಎನ್4 ಈ ಆರ್ಡರಲ್ಲೇ ಕೊಡಿ, ನೇರ 1234 ಕೊಟ್ರೆ ನಡುಗತ್ತೆ ಅಷ್ಟೆ.

ಹುಬ್ಬಳ್ಳಿ_ವೈರು:
ಅಣ್ಣಾರ, ಕೋಡ್ ಸರಿ ಮಾಡಿದ್ರೂ ಆ ಚೌಕ ಬ್ಯಾಟರಿ ಇಟ್ಕೊಂಡ್ರ ಏನೂ ಆಗಂಗಿಲ್ರಿ. ಮೋಟರ್ ಒಳಗಿನ ಕಾಯಿಲ್ ಒಂದಕ್ಕ ಸುಮಾರು 50 ಓಂ ಐತಿ, ಒಮ್ಮೆ ಎರಡು ಕಾಯಿಲ್ ಆನ್ ಇರ್ತಾವು, ಮೋಟರ್‌ಗೆ 200 ಮಿಲಿಆಂಪ್, ಎರಡಕ್ಕ 400. ಆ ಬ್ಯಾಟರಿ ಸ್ಮೋಕ್ ಅಲಾರಂನಂಥಾ ಕಡಿಮಿ ಕರೆಂಟಿನ ಸಾಮಾನಿಗೆ ಸರಿ, ಗಾಡಿ ಎಳೆಯಾಕಲ್ಲ. ಮ್ಯಾಲ ನೀವು ಯುನೋದ 5 ವೋಲ್ಟ್ ಪಿನ್‌ನಿಂದ ಮೋಟರ್‌ಗೆ ಕೊಟ್ಟಿರಬೇಕು, ಹೌದಲ್ರಿ? ಜ್ಯಾಕ್ ಹತ್ರ ಇರೋ ರೆಗ್ಯುಲೇಟರ್ (9 ವೋಲ್ಟ್‌ನ 5 ಮಾಡೋ ಚಿಪ್) ಮುಟ್ಟಿ ನೋಡ್ರಿ, ಕೈ ಇಡಾಕ ಆಗಂಗಿಲ್ಲ. ಮೋಟರ್‌ಗೆ ನಾಲ್ಕು ರೀಚಾರ್ಜ್ ಎಎ ಸೆಲ್ ಬ್ಯಾರೆ ಹಾಕ್ರಿ, ಗ್ರೌಂಡ್ ವೈರ್ ಮಾತ್ರ ಎರಡೂ ಕೂಡಿಸ್ರಿ, ಅದನ್ನ ಮರೀಬ್ಯಾಡ್ರಿ.

ಗೇರ್_ಗೌಡ:
ಕಾರಿಗೆ ಸ್ಟೆಪ್ಪರ್ ಯಾಕ್ ಗುರು? 65 ಎಂಎಂ ಚಕ್ರ, ನಿಮಿಷಕ್ಕೆ 15 ಸುತ್ತು, ಸೆಕೆಂಡಿಗೆ 5 ಸೆಂಟಿಮೀಟರ್. ಇರುವೆ ಓವರ್‌ಟೇಕ್ ಮಾಡತ್ತೆ. ಎರಡು ಬಿಒ ಮೋಟರ್ (ಆಟಿಕೆ ಕಾರಿನ ಗೇರ್ ಇರೋ ಡಿಸಿ ಮೋಟರ್), ಅದನ್ನ ಓಡಿಸಕ್ಕೆ ಒಂದು ಎಲ್298 ಬೋರ್ಡ್ ತಗೊಂಡು ಆರಾಮಾಗಿರಿ.

ಅಪ್ಪನ_ವರ್ಕ್‌ಶಾಪ್:
@ಗೇರ್_ಗೌಡ ಸ್ಪೀಡ್ ಬೇಡ ಸರ್, ಅವಳಿಗೆ ಒಂದು ಮೀಟರ್ ಹೋಗಿ ಸೀಮೆಸುಣ್ಣದ ಗೆರೆ ಮೇಲೆ ನಿಲ್ಬೇಕು. ಸುಮಾರು 10,000 ಸ್ಟೆಪ್ ಅಂತ ಅವಳೇ ಲೆಕ್ಕ ಹಾಕಿದಾಳೆ. ಬಿಒ ಮೋಟರ್‌ಗೆ ಎನ್‌ಕೋಡರ್ (ಎಷ್ಟು ತಿರುಗ್ತು ಅಂತ ಅಳೆಯೋ ಸೆನ್ಸರ್) ಇಲ್ದೆ ಹೇಗೆ ಎಣಿಸೋದು?

ನಿನ್ನೆ ರಾತ್ರಿ ಎಲ್ಲ ಬದಲಾಯಿಸಿದ್ವಿ. ಮೊದಲು ಚಕ್ರ ಅಲ್ಲಾಡ್ಲೇ ಇಲ್ಲ, ಬೋರ್ಡ್ ಮೇಲಿನ ನಾಲ್ಕು ಕೆಂಪು ಎಲ್‌ಇಡಿ ಮಾತ್ರ ಸೆಕೆಂಡಿಗೊಂದ್ಸಲ ಬದಲಾಗ್ತಿತ್ತು.

ರಿಲೇ_ರಾಯ:
ಅಯ್ಯೋ ಅದು ಹೇಳಕ್ಕೆ ಮರೆತೆ, ಸೆಟಪ್‌ನಲ್ಲಿ (ಶುರುವಲ್ಲಿ ಒಂದೇ ಸಲ ಓಡೋ ಭಾಗ) ಸೆಟ್‌ಮ್ಯಾಕ್ಸ್‌ಸ್ಪೀಡ್ 600 ಕೊಡಿ. ಕೊಡ್ದಿದ್ರೆ ಡೀಫಾಲ್ಟ್ ಸೆಕೆಂಡಿಗೆ 1 ಸ್ಟೆಪ್, ನೀವು 500 ಕೇಳಿದ್ರೂ ಅಷ್ಟಕ್ಕೇ ಕಟ್ ಮಾಡತ್ತೆ. ಮತ್ತೆ ಸ್ಪೀಡ್ ಸೊನ್ನೆ ಆದಾಗ ಡಿಸೇಬಲ್‌ಔಟ್‌ಪುಟ್ಸ್ ಕರೀರಿ, ಇಲ್ಲಾಂದ್ರೆ ನಿಂತಿದ್ರೂ ಕಾಯಿಲ್ ಕರೆಂಟ್ ಕುಡೀತಾ ಬಿಸಿ ಆಗತ್ತೆ.

ಅಪ್ಪನ_ವರ್ಕ್‌ಶಾಪ್:
ಓಡ್ತು!! ಡಯಲ್ ಮುಟ್ಟಿದ ತಕ್ಷಣ ಕೇಳತ್ತೆ. ಆದ್ರೆ ಎದುರುಬದುರು ಫಿಟ್ ಮಾಡಿರೋದ್ರಿಂದ ಒಂದು ಮುಂದೆ ಒಂದು ಹಿಂದೆ ತಿರುಗಿ ಕಾರು ಇದ್ದಲ್ಲೇ ಬುಗುರಿ ಆಗಿದೆ, ಒಂದು ಮೋಟರ್ ಬಿಚ್ಚಿ ತಿರುಗಿಸ್ಲಾ?

ಹುಬ್ಬಳ್ಳಿ_ವೈರು:
ಬಿಚ್ಚಬ್ಯಾಡ್ರಿ ಮಾರಾಯ್ರ, ಒಂದ್ ಮೋಟರ್ ಸ್ಪೀಡ್‌ಗೆ ಮೈನಸ್ ಹಾಕ್ರಿ.